ಅತ್ತಿಗೆ ಪುಟ ಎಣಿಸಿದ ಡಬ್ಬಿಗಳು

ನಮ್ಮ ಅತ್ತಿಗೆಗೆ ಪುಸ್ತಕಗಳೆಂದರೆ ಪ್ರಾಣ. ಓದುಗರ ಮೇಲೆ ಮಾತ್ರ ಸಾಸಿವೆ ಕಾಳಷ್ಟೂ ನಂಬಿಕೆಯಿಲ್ಲ! ಇಂಥವರು ಲೈಬ್ರರಿ ನಡೆಸಬಹುದೇ ಎಂದು ನೀವು ಕೇಳಬಹುದು. ಇಂಥವರೇ ನಡೆಸಬೇಕು ಎನ್ನುವವನು ನಾನು. ನನ್ನ ಮೂವತ್ತನಾಲ್ಕನೇ ವಯಸ್ಸಿನಲ್ಲಿ ಕೈ ಹಿಡಿದು ಹತ್ತನೇ ಕ್ಲಾಸು ದಾಟಿಸಿದವರು ಅವರು. ಇದನ್ನು ನಾನೀಗ ಮೊಬೈಲಿನಲ್ಲಿ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆಂದರೆ ಅದೂ ಅವರದೇ ಕೃಪೆ.

ಶಿವನಿ ಸ್ಟೇಷನ್ನಿನಿಂದ ಮೂರು ಮೈಲಿ ನಮ್ಮೂರು. ಒಂದು ಕೋಣೆ, ನಾಲ್ಕು ಬೀರು, ಒಬ್ಬರು ಅತ್ತಿಗೆ, ಇಷ್ಟು ನಮ್ಮ ಲೈಬ್ರರಿ. ಯಾರಾದರೂ ಪುಸ್ತಕ ವಾಪಸ್ಸು ತಂದರೆ ಅವರನ್ನು ಎದುರಿಗೆ ಕೂರಿಸಿಕೊಂಡು ಮೊದಲ ಹಾಳೆಯಿಂದ ಕೊನೆಯವರೆಗೆ ಎಣಿಸುತ್ತಾರೆ. ಮುನ್ನೂರು ಪುಟದ ಕಾದಂಬರಿ ಹಿಡಿದು ಬಂದವನಿಗೆ ಅಜ್ಜಂಪುರದ ಬಸ್ಸು ತಪ್ಪಿತೆಂದೇ ಅರ್ಥ.

ಹೋದ ವರ್ಷ ಕಡೂರಿನಿಂದ ಲೈಬ್ರರಿ ಇಲಾಖೆಯ ಒಬ್ಬ ಸಾಹೇಬರು ಬಂದು ಆರು ಡಬ್ಬಿ ಕೊಟ್ಟು ಹೋದರು. ಅಂಗೈ ಅಗಲದ ಪ್ಲೇಯರುಗಳು. ಒಂದೊಂದರಲ್ಲೂ ಒಂದೊಂದು ಕಾದಂಬರಿಯನ್ನು ಯಾರೋ ಓದಿ, ಮೊದಲೇ ತುಂಬಿಸಿಟ್ಟಿದ್ದರು. ಗುಂಡಿ ಒತ್ತಿದರೆ ಕಥೆ ಕೇಳಿಸುತ್ತದೆ. ಅದಕ್ಕೆ ಹೊಸದಾಗಿ ಏನೂ ಸೇರಿಸಲಾಗದು, ಇದ್ದದ್ದನ್ನು ಅಳಿಸಲೂ ಆಗದು.

ಬಂದ ಪುಸ್ತಕವನ್ನು ರಿಜಿಸ್ಟರಿಗೆ ಏರಿಸದೆ ಹೊರಗೆ ಬಿಟ್ಟರೆ ಅತ್ತಿಗೆಗೆ ಊಟ ಸೇರುವುದಿಲ್ಲ. ಡಬ್ಬಿಯನ್ನೂ ಏರಿಸಿದರು. 'ಪುಟಗಳು' ಎಂಬ ಕಾಲಮ್ಮಿನಲ್ಲಿ 'ಹನ್ನೊಂದು ಗಂಟೆ ಇಪ್ಪತ್ತು ನಿಮಿಷ' ಎಂದು ಬರೆದರು. 'ರಟ್ಟು' ಎಂಬಲ್ಲಿ 'ಪ್ಲಾಸ್ಟಿಕ್, ಗಟ್ಟಿಯಾಗಿದೆ' ಎಂದರು. ಆದರೆ ಮೊಹರಿನ ಹತ್ತಿರ ಬಂದು ಗಾಡಿ ನಿಂತಿತು. ಕಳ್ಳ ಮೊದಲ ಹಾಳೆ ಹರಿದರೂ ಸಿಕ್ಕಿಬೀಳಲಿ ಎಂದು ಲೈಬ್ರರಿಯವರು ಒಳಗೊಂದು ಗುಟ್ಟಿನ ಪುಟದಲ್ಲೂ ಮೊಹರು ಹಾಕುತ್ತಾರೆ. ನಮ್ಮಲ್ಲಿ ಅದು ಹದಿನೇಳನೇ ಪುಟ. ಡಬ್ಬಿಗೆ ಹದಿನೇಳನೇ ಪುಟ ಎಲ್ಲಿದೆ? ಮೂರು ದಿನ ಯೋಚಿಸಿ, ಕೊನೆಗೆ ಡಬ್ಬಿಯ ಬೆನ್ನಿಗೇ ಒತ್ತಿದರು. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ಎಲ್ಲಿ ಒಣಗಬೇಕು? ಡಬ್ಬಿಯನ್ನು ಕಿವಿಗೆ ಒತ್ತಿಕೊಂಡು ಕೇಳಿದವರ ಕೆನ್ನೆಯ ಮೇಲೆಲ್ಲ ನಮ್ಮ ಲೈಬ್ರರಿಯ ಮೊಹರು! ಒಂದು ವಾರ ಊರಿನಲ್ಲಿ ಸದಸ್ಯರು ಯಾರೆಂದು ಮುಖ ನೋಡಿಯೇ ಹೇಳಬಹುದಿತ್ತು. ಆಮೇಲೆ ಅತ್ತಿಗೆ ಆರು ಬಟ್ಟೆ ಚೀಲ ಹೊಲಿದು, ಚೀಲಕ್ಕೆ ಮೊಹರು ಹಾಕಿ, ಗೋಡೆಯ ಮೊಳೆಗೆ ನೇತುಹಾಕಿದರು.

ಅಕ್ಷರ ಬಾರದ ಹೆಂಗಸರು ಮೊದಲ ಸಲ ಲೈಬ್ರರಿಯ ಹೊಸಿಲು ದಾಟಿದ್ದು ಆಗಲೇ. ಹದಿನೆಂಟು ಜನ ಹೆಬ್ಬೆಟ್ಟು ಒತ್ತಿ ಕಾರ್ಡು ಮಾಡಿಸಿಕೊಂಡರು. ಆ ಹದಿನೆಂಟು ಹೆಬ್ಬೆಟ್ಟುಗಳನ್ನು ಅತ್ತಿಗೆ ನನಗೆ ಎರಡು ಸಲ ತೋರಿಸಿದ್ದಾರೆ.

ಆದರೆ ಡಬ್ಬಿ ವಾಪಸ್ಸು ಬಂದರೆ ಅದರ ಪುಟ ಎಣಿಸಬೇಡವೇ? ಅತ್ತಿಗೆ ಪ್ರತಿ ಡಬ್ಬಿಯನ್ನೂ ಮನೆಗೆ ಒಯ್ದು, ಪಡಸಾಲೆಯಲ್ಲಿ ಕೂತು, ಮೊದಲಿನಿಂದ ಕೊನೆಯವರೆಗೆ ಕೇಳತೊಡಗಿದರು. ಹನ್ನೊಂದು ಗಂಟೆಯ ಡಬ್ಬಿಗೆ ಹನ್ನೊಂದು ಗಂಟೆ. ಪೂರ್ತಿ ಕೇಳದೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಇದರೊಳಗಿನದು ಹರಿಯುವ ವಸ್ತುವೇ ಅಲ್ಲ ಎಂದು ನಾನು ಬಿಡಿಸಿ ಹೇಳಿದೆ.

"ಹರಿಯಲ್ಲ ಅಂತ ಹೇಳಿ ತಗಂಡೋದ್ ಪುಸ್ತಕಾನೇ ಕಣಪ್ಪ ಹರ್ಕಂಡ್ ಬರೋದು" ಎಂದರು.

ಎರಡು ತಿಂಗಳ ಮೇಲೆ ಸಾಹೇಬರು ಬಂದು ರಿಜಿಸ್ಟರು ನೋಡಿದರು. ಡಬ್ಬಿಗಳು ಊರಿನವರ ಮನೆಯಲ್ಲಿದ್ದುದಕ್ಕಿಂತ ಅತ್ತಿಗೆಯ ಪಡಸಾಲೆಯಲ್ಲಿದ್ದುದೇ ಹೆಚ್ಚು! ಸಾಹೇಬರು ಕೆಟ್ಟವರಲ್ಲ. ಒಂದು ತಿಂಗಳು ಗಡುವು ಕೊಟ್ಟರು. ಅಷ್ಟರಲ್ಲಿ ಒಂದೊಂದು ಡಬ್ಬಿಯೂ ನಾಲ್ಕು ಬೇರೆ ಬೇರೆ ಜನರ ಕೈಗೆ ಹೋಗಿ ಬಂದಿರಬೇಕು, ಇಲ್ಲವಾದರೆ ಆರನ್ನೂ ತರೀಕೆರೆಗೆ ಕಳಿಸುವೆ, ಅಲ್ಲಿ ಕೇಳುವವರು ಕಾದಿದ್ದಾರೆ ಎಂದರು.

ಅತ್ತಿಗೆ ಆ ದಿನ ಯಾರ ಪುಸ್ತಕವನ್ನೂ ಎಣಿಸಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ.

ದಾರಿ ತೋರಿಸಿದವರು ಕುರಿ ಮೇಯಿಸುವ ಗಿರಿಜಕ್ಕ. ಡಬ್ಬಿ ವಾಪಸ್ಸು ತಂದವರು, ಅತ್ತಿಗೆ ಅದನ್ನು ಮನೆಗೆ ಒಯ್ಯಲು ಎತ್ತಿಟ್ಟುಕೊಂಡದ್ದನ್ನು ನೋಡಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

"ನೀನ್ಯಾಕವ್ವ ದಿನವೆಲ್ಲ ಕೂರ್ತೀಯ? ನಾನು ಹೇಳ್ತೀನಿ ಕೇಳು. ಒಂದು ಹಾಳೆ ಬಿಟ್ಟಿದ್ರೆ ಹಿಡಿ."

ಒಂದು ಗಂಟೆಯಲ್ಲಿ ಇಡೀ ಕಾದಂಬರಿ ಹೇಳಿ ಮುಗಿಸಿದರು. ಅತ್ತಿಗೆಗೆ ಆರೂ ಡಬ್ಬಿ ಬಾಯಿಪಾಠವಾಗಿತ್ತಲ್ಲ, ಹಿಡಿಯಲು ಏನೂ ಸಿಗಲಿಲ್ಲ. ಅಂದಿನಿಂದ ಅದೇ ಕಾನೂನಾಯಿತು: ಡಬ್ಬಿ ವಾಪಸ್ಸು ಕೊಡುವವರು ಕಥೆ ಹೇಳಿ ಕೊಡಬೇಕು. ಬೀಡಿ ಅಂಗಡಿಯವನು ಕಥೆ ಕೇಳದೆಯೇ ಡಬ್ಬಿ ವಾಪಸ್ಸು ತಂದು, ಮೂರನೇ ಅಧ್ಯಾಯದಲ್ಲಿ ನಾಯಕನನ್ನು ಹಾವಿನಿಂದ ಕಚ್ಚಿಸಿ ಕೊಂದ. ಈ ಡಬ್ಬಿಯಲ್ಲಿ ಯಾರೂ ಸತ್ತಿಲ್ಲ, ಹೋಗಿ ಬದುಕಿಸಿಕೊಂಡು ಬಾ ಎಂದು ಅತ್ತಿಗೆ ಅವನನ್ನು ಹಿಂದಕ್ಕೆ ಕಳಿಸಿದರು. ಪಾಪ, ಎರಡು ದಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೇಳಿ, ನಾಯಕನನ್ನು ಜೀವಂತವಾಗಿ ತಂದೊಪ್ಪಿಸಿದ.

ತಿಂಗಳ ಕೊನೆಗೆ ಐದು ಡಬ್ಬಿಗಳ ಲೆಕ್ಕ ಪೂರ್ತಿಯಾಯಿತು. ಆರನೆಯದು, ನಾಲ್ಕು ಗಂಟೆಯ ಚಿಕ್ಕ ಡಬ್ಬಿ, ಮೂರೇ ಸಲ ಹೊರಗೆ ಹೋಗಿತ್ತು. ಸಾಹೇಬರು ಬರುವುದು ಮರುದಿನ ಮಧ್ಯಾಹ್ನ. ನಾನು ಅದನ್ನು ಆ ತಿಂಗಳೇ ಒಯ್ದಿದ್ದೆ, ಮತ್ತೆ ಒಯ್ದರೆ ಲೆಕ್ಕಕ್ಕೆ ಬಾರದು. ಕಾರ್ಡಿದ್ದವರೆಲ್ಲ ಯಾವುದೋ ಮದುವೆಗೆಂದು ಲಕ್ಕವಳ್ಳಿಗೆ ಹೊರಟುಬಿಟ್ಟಿದ್ದರು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ನಮ್ಮಣ್ಣ, ಎಂದರೆ ಅತ್ತಿಗೆಯ ಯಜಮಾನರು, ಬಂದು ನಿಂತರು. ಪಂಪಿನ ಮೋಟಾರಿಗೆ ತಂತಿ ಸುತ್ತುವುದು ಅವರ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ದಿನಕ್ಕೆ ಹತ್ತು ಮಾತು ಆಡಿದರೆ ಅಂದು ಹಬ್ಬ. ಲೈಬ್ರರಿಗೆ ಎಂದೂ ಕಾಲಿಟ್ಟವರಲ್ಲ. ಕೈಯ ಗ್ರೀಸು ಪಂಚೆಗೆ ಒರೆಸಿಕೊಂಡು ಕಾರ್ಡು ಕೇಳಿದರು. ಅತ್ತಿಗೆ ಬೇರೆಯವರಿಗೆ ಹೇಳುವ ನಿಯಮಗಳನ್ನೆಲ್ಲ ಅವರಿಗೂ ಓದಿ ಹೇಳಿ, ಸಹಿ ಮಾಡಿಸಿಕೊಂಡು ಕೊಟ್ಟರು.

ಮರುದಿನ ಸಾಹೇಬರೂ ಅಣ್ಣನೂ ಒಟ್ಟಿಗೇ ಬಂದರು. ಇವರು ಕಥೆ ಹೇಳುವುದುಂಟೇ, ಮನೆಯವರಲ್ಲವೇ, ಸುಮ್ಮನೆ ಬರೆದುಕೊಳ್ಳಿ ಎಂದು ನಾನು ಅತ್ತಿಗೆಯ ಕಿವಿಯಲ್ಲಿ ಹೇಳಿದೆ.

"ಮನೇಲಿ ಯಜಮಾನ್ರು. ಇಲ್ಲಿ ಮೆಂಬರು" ಎಂದರು ಅತ್ತಿಗೆ.

ಅಣ್ಣ ಬೆಂಚಿನ ತುದಿಯಲ್ಲಿ ಕೂತರು. ಸುರುಳಿಗೆ ತಂತಿ ಸುತ್ತುವ ಹಾಗೆ, ಒಂದೊಂದೇ ಎಳೆ, ಅವಸರವಿಲ್ಲದೆ, ಗಂಟು ಬೀಳದಂತೆ ಹೇಳಿದರು. ಅಷ್ಟು ಮಾತು ಈ ಮನುಷ್ಯನ ಒಳಗೆ ಎಲ್ಲಿತ್ತೋ! ಸಾಹೇಬರು ಗಡಿಯಾರ ನೋಡುವುದನ್ನು ಬಿಟ್ಟು ಕೇಳುತ್ತಿದ್ದರು. ಕಥೆ ಮುಗಿಯಿತು.

ಅತ್ತಿಗೆ ಪೆನ್ನು ಎತ್ತಲಿಲ್ಲ.

"ಎರಡನೇ ಅಧ್ಯಾಯದಾಗೆ ಆ ತಾಯಿ ತೊಟ್ಲು ಬಿಚ್ಚಿ ಅಟ್ಟಕ್ಕೆ ಹಾಕ್ತಾಳಲ್ಲ. ಅದು ಬರ್ಲಿಲ್ಲ ನಿಮ್ಮ ಕಥೇಲಿ. ಡಬ್ಬೀಲಿ ಇಲ್ವಾ?"

ಇಷ್ಟಾಗಿ ಒಂದು ಹಾಳೆಗೆ ಎಲ್ಲ ಹೋಯಿತಲ್ಲ!

ಅಣ್ಣ ನೆಲ ನೋಡಿಕೊಂಡೇ ಹೇಳಿದರು.

"ಐತೆ. ಮನೇಲಿ ನೀನು ಕೇಳೋವಾಗ ಅದು ಬಂದಾಗೆಲ್ಲ ಅಳ್ತೀಯ. ಗೋಡೆ ಈಚೆ ನಂಗೆ ಕೇಳುಸ್ತದೆ. ಇಲ್ಲಿ ಜನದ ಮುಂದೆ ಯಾತಕ್ಕೆ ಅಂತ ಬಿಟ್ಟೆ."

ಅವರಿಬ್ಬರಿಗೂ ಮಕ್ಕಳಿಲ್ಲ. ಊರಿಗೆಲ್ಲ ಗೊತ್ತಿರುವ ವಿಷಯ, ಮನೆಯಲ್ಲಿ ಯಾರೂ ಆಡದ ವಿಷಯ.

ಅತ್ತಿಗೆ ಪೆನ್ನು ತೆಗೆದುಕೊಂಡರು. ಮುಚ್ಚಳ ತೆಗೆದವರು ಅದನ್ನೇ ಮತ್ತೆ ಹಾಕಿ ಕೆಳಗಿಟ್ಟರು. ಸಾಹೇಬರು ಎದ್ದು ಬಂದು, ರಿಜಿಸ್ಟರನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಂಡು, ಆರನೆಯ ಡಬ್ಬಿಯ ನಾಲ್ಕನೆಯ ಸಾಲನ್ನು ತಾವೇ ಬರೆದರು.