ನೀರಿನ ತವರು

ತಿಳಿಸಲು ಹೊರಟವರೇ ತಿಳಿದುಕೊಂಡು ಹಿಂದಿರುಗುವುದು ನಮ್ಮ ಕಡೆ ಅಪರೂಪವಲ್ಲ; ಈಚೆಗೆ ಆ ಸರದಿ ನನ್ನದಾಯಿತು. ಕನ್ನಡ ಎಂ.ಎ. ಮುಗಿಸಿದ ನನಗೆ, ವಿಜ್ಞಾನದ ಯಾವ ಮಾತನ್ನೂ ಕನ್ನಡದಲ್ಲಿ ಹೇಳಬಹುದೆಂಬ ದೃಢವಾದ ನಂಬಿಕೆ. ಬಸವಕಲ್ಯಾಣದಲ್ಲಿ ತಿಂಗಳಿಗೊಂದು ವಿಜ್ಞಾನ ಉಪನ್ಯಾಸ ಏರ್ಪಡಿಸುವ ನಿವೃತ್ತ ಗುರುಗಳೊಬ್ಬರಿಗೆ ಆ ನಂಬಿಕೆ ಇರಲಿಲ್ಲ. ಅವರ ಉಪನ್ಯಾಸಗಳೆಲ್ಲ ಇಂಗ್ಲಿಷಿನಲ್ಲಿ ಆರಂಭವಾಗಿ ಚಹಾದಲ್ಲಿ ಮುಕ್ತಾಯಗೊಳ್ಳುತ್ತಿದ್ದವು. ನಾನು ಹಟ ಹಿಡಿದಾಗ ಅವರೊಂದು ಷರತ್ತು ಹಾಕಿದರು.

“ಭೂಮಿಗೆ ನೀರು ಎಲ್ಲಿಂದ ಬಂತು, ಅದನ್ನ ಕನ್ನಡದಾಗ ಹೇಳವ್ವಾ. ಕಡೀ ಸಾಲಿಗೆ ತಿಳೀತಂದ್ರ ಇನ್ನ ಮುಂದ ಎಲ್ಲಾ ಕನ್ನಡದಾಗೇ. ತಿಳೀಲಿಲ್ಲಂದ್ರ ಈ ಮಾತು ಮತ್ತ ಎತ್ತಬಾರದು.”

ಹಂಚಿನ ಮುಂದೆ

ಹುಮನಾಬಾದಿನ ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಅವಳೆದುರು ನಿಂತು ಅಭ್ಯಾಸ ಆರಂಭಿಸಿದೆ. “ಆದಿಯಲ್ಲಿ ಭೂಮಿ ಕೆಂಡದಂತೆ ಕಾದಿತ್ತು. ಹಿಮ ತುಂಬಿದ ಧೂಮಕೇತುಗಳು ಬಂದು ಅಪ್ಪಳಿಸಿ, ಆಕಾಶದಿಂದ ನೀರು ತಂದವೆಂಬುದು ಒಂದು ವಾದ.”

ರೊಟ್ಟಿಯ ಸಪ್ಪಳ ನಿಂತಿತು. “ನೀರು ಮ್ಯಾಲಿಂದ ಬರ್ತದಂತ ಹೇಳಾಕ ಎರಡು ವರ್ಷ ಎಂ.ಎ. ಓದಿದೇನು?”

ನಾನು ಎದೆಗುಂದದೆ ಎದುರುವಾದಕ್ಕೆ ಜಿಗಿದೆ. “ನೀರು ಹೊರಗಿನಿಂದ ಬರಲೇ ಇಲ್ಲ, ಭೂಮಿಯನ್ನು ಕಟ್ಟಿದ ಕಲ್ಲುಗಳಲ್ಲೇ ಅಡಗಿತ್ತೆಂಬುದು ಇನ್ನೊಂದು ವಾದ.”

“ಇದು ಬಾವಿ ತೋಡೋರಿಗೆ ಮೊದಲೇ ಗೊತ್ತದ. ಹಂಚು ಕಾದದ, ಆಕಡಿ ಸರಿ.”

ಬಸ್ಸಿನಲ್ಲಿ

ಕಲ್ಲಿನೊಳಗಿನ ನೀರನ್ನು ಕಣ್ಣಾರೆ ತೋರಿಸಲೆಂದು ಪಟಕದ, ಅಂದರೆ ಆಲಂ ಕಲ್ಲಿನ, ತುಂಡೊಂದನ್ನು ಒಯ್ದೆ. ನೋಡಲು ಒಣಗಲ್ಲು, ಕಾಯಿಸಿದರೆ ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಹೆಂಗಸು ನನ್ನ ತೊಡೆಯ ಮೇಲಿದ್ದ ಅದನ್ನೇ ಬಹಳ ಹೊತ್ತು ನೋಡಿದಳು. ದೃಷ್ಟಿ ತೆಗೆಯುವುದಕ್ಕೂ ನಮ್ಮಲ್ಲಿ ಪಟಕವೇ ಬೇಕು.

“ಯಾರಿಗೆ ದೃಷ್ಟಿ ಆಗ್ಯಾದ, ತಂಗಿ?”

“ಯಾರಿಗೂ ಇಲ್ರಿ ಅಕ್ಕಾ. ಭೂಮಿ ನೀರಿನ ಸಲುವಾಗಿ ಒಯ್ಯಾಕತ್ತೇನಿ.”

ಆಕೆ ಸೆರಗನ್ನು ಬಾಯಿಗೆ ಹಿಡಿದು ಮರುಗಿದಳು. “ಭೂಮಿಗೇ ಆಗ್ಯಾದ? ಹಂಗಿದ್ರ ಈ ತುಂಡು ಭಾಳ ಸಣ್ಣದಾಯ್ತು!”

ಫೈಸಲಾ

ಸಭೆ ತುಂಬಿತ್ತು. ಕಾಯಿಸಿದ ಪಟಕ ಕರಗಿ ಗಾಜಿನ ನಳಿಕೆಯಲ್ಲಿ ಹನಿಗಳು ಮೂಡಿದಾಗ ಮುಂದಿನ ಸಾಲುಗಳು ತಲೆದೂಗಿದವು. ಕಡೆಯ ಸಾಲು ಅಲುಗಲಿಲ್ಲ. ಅನೇಕ ಧೂಮಕೇತುಗಳ ನೀರು ನಮ್ಮ ಕಡಲಿನ ನೀರಿಗಿಂತ ತುಸು ಭಾರವೆಂದೂ, ಭೂಮಿಯನ್ನು ಕಟ್ಟಿದಂಥ ಕೆಲವು ಆಕಾಶದ ಕಲ್ಲುಗಳ ನೀರು ಅದಕ್ಕೆ ಹೆಚ್ಚು ಹೊಂದುತ್ತದೆಂದೂ ವಿವರಿಸಿ, “ಈ ವಾದ ಇನ್ನೂ ತೀರಿಲ್ಲ” ಎಂದೆ.

ಅಷ್ಟು ಸಾಕಾಯಿತು. ಕೊಹಿನೂರು ಹಳ್ಳಿಯ ಹಿರಿಯರೊಬ್ಬರು ಎದ್ದು ನಿಂತರು. ಸುತ್ತಲಿನ ಹೊಲಗಳ ಬದುವಿನ ಜಗಳಗಳನ್ನೆಲ್ಲ ಬಗೆಹರಿಸುತ್ತಾ ಬಂದವರು. ತೀರದ ಜಗಳವನ್ನು ಕಂಡರೆ ಅವರಿಗೆ ಆಗದು.

“ಝಗಡಾ ಹಿಂಗ ಬಿಟ್ಟು ಏಳಬಾರದ್ರಿ. ಎರಡೂ ಕಡ್ಯಾವ್ರಿಗೆ ಸಾಕ್ಷಿ ಅದ. ಕಲ್ಲಿನವರಿಗೆ ದೊಡ್ಡ ಪಾಲು, ಧೂಮಕೇತುವಿನವರಿಗೆ ಸಣ್ಣ ಪಾಲು. ಇದೇ ಫೈಸಲಾ.”

ವಿಜ್ಞಾನಿಗಳಲ್ಲಿ ಬಹಳ ಮಂದಿ ಈಗ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದಾರೆಂದು ನಾನು ಒಪ್ಪಿಕೊಳ್ಳಬೇಕಾಯಿತು.

“ಇಷ್ಟಕ್ಕ ಅವರಿಗೆ ಎಷ್ಟು ದಿನ ಹಿಡೀತು?”

“ಹಲವು ದಶಕಗಳ್ರಿ.”

“ನಮ್ಮ ಕಡಿ ಕಳಿಸಬೇಕಿತ್ತು” ಎಂದು ಅವರು ಕುಳಿತರು.

ಕಡೆಯ ಸಾಲು

ಗುರುಗಳು ಷರತ್ತನ್ನು ಮರೆತಿರಲಿಲ್ಲ. ನೇರವಾಗಿ ಹಿಂದಕ್ಕೆ ನಡೆದು, ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿಯೊಬ್ಬಳನ್ನು ಕೇಳಿದರು: “ಏನರ ತಿಳೀತೇನವ್ವಾ?”

ಆಕೆ ಸೆರಗು ಸರಿಪಡಿಸಿಕೊಂಡಳು. ನನ್ನ ಎರಡು ವರ್ಷದ ಓದು, ಕನ್ನಡದ ಮೇಲಿನ ನನ್ನ ಭರವಸೆ, ಎರಡೂ ಆಕೆಯ ಉತ್ತರದಲ್ಲಿ ತೂಗಾಡುತ್ತಿದ್ದವು.

“ತಿಳೀಲಾರದ್ದೇನದರಿ? ಒಬ್ಬರು ಅಂತಾರ, ನೀರು ಈ ಮನಿ ಮಗಳು, ಇಲ್ಲೇ ಹುಟ್ಯಾಳ. ಇನ್ನೊಬ್ಬರು ಅಂತಾರ, ಅಲ್ಲ, ಸೊಸಿ, ಹೊರಗಿಂದ ಬಂದಾಳ. ಅಷ್ಟೇ ಅಲ್ಲೇನು?”

ನನ್ನ ಮುಕ್ಕಾಲು ಗಂಟೆಯ ಭಾಷಣದಲ್ಲಿ ಇಷ್ಟು ತಿಳಿಯಾದ ವಾಕ್ಯ ಒಂದೂ ಇರಲಿಲ್ಲ. ಗುರುಗಳು ನನ್ನತ್ತ ತಿರುಗಿ, “ಆಯ್ತು, ಇನ್ನ ಮ್ಯಾಲ ಕನ್ನಡದಾಗೇ” ಎಂದರು. ಬಳಿಕ ಸಂತೋಷದಿಂದ ಅಜ್ಜಿಯನ್ನು ಮತ್ತೂ ಕೆದಕಿದರು: “ನೀ ಏನಂತಿ? ಮಗಳೋ, ಸೊಸಿಯೋ?”

ಅಜ್ಜಿ ಈಗ ಎದ್ದೇ ನಿಂತಳು.

“ಕೋಟಿ ಕೋಟಿ ವರ್ಷ ಆಗ್ಯಾದ, ಊರಿಗೆಲ್ಲಾ ನೀರು ಕುಡಿಸ್ಯಾಳ, ಇನ್ನೂ ತವರು ಯಾವುದಂತ ಕೇಳ್ತೀರಲ್ರಿ! ನಾ ಲಗ್ನ ಆಗಿ ಈ ಊರಿಗೆ ಬಂದು ಐವತ್ತು ವರ್ಷ ಆಯ್ತು. ಇವತ್ತಿಗೂ ಯಾರೂ ಹೆಸರಿಲೆ ಕರ್ಯಾಂಗಿಲ್ಲ, ತವರೂರು ಹಿಡಿದು ಹುಲಸೂರಿನಾಕಿ ಅಂತಾರ. ನನ್ನ ತ್ರಾಸ ಇರಲಿ, ನೀರಿಗಾದ್ರೂ ಬಿಡ್ರಿ!”

ನನ್ನ ಕಣ್ಣು ತುಸು ಒದ್ದೆಯಾಗಿತ್ತು. ಅಷ್ಟರಲ್ಲಿ ಅಜ್ಜಿಯ ಪಕ್ಕದಲ್ಲಿದ್ದ ಗೆಳತಿ ಆಕೆಯ ಸೆರಗು ಜಗ್ಗಿದಳು:

“ಸಾಕು, ಕುಂದ್ರು ಹುಲಸೂರಿನಾಕಿ, ಚಹಾ ಬಂತು!”