ನನ್ನ ತಲೆ, ಊರೆಲ್ಲರ ಔಷಧ

ಕೂದಲು ಉದುರುವ ಗಂಡಸಿನ ಸುತ್ತ ಬೇರೆ ಏನಿಲ್ಲದಿದ್ದರೂ ನಗೆಗೆ ಬರಗಾಲವಿರುವುದಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿಯೇ ಮನೆ ಹುಡುಕಿಕೊಂಡು ಬರುತ್ತದೆ. ನಾನು ಮಹಾರಾಷ್ಟ್ರದ ಗಡಿಯೊಳಗಿನ ಅಕ್ಕಲಕೋಟ ತಾಲ್ಲೂಕಿನ ಒಂದು ಕನ್ನಡ ಶಾಲೆಯ ಮಾಸ್ತರ. ನನಗೆ ಹೆಣ್ಣು ನೋಡುತ್ತಿದ್ದ ಕಾಲದಲ್ಲೇ, ಮೂವತ್ತರ ಗಡಿಯಲ್ಲಿ, ತಲೆ ಕೈಕೊಟ್ಟಿತು. ಮೂರು ಮನೆಗಳಿಂದ ಒಂದೇ ಮಾತು ಬಂತು: “ಹುಡುಗ ಚಲೋ ಅದಾನ, ಆದ್ರ ವಯಸ್ಸ ಜಾಸ್ತಿ ಕಾಣ್ತೈತಿ.” ಹೊರಗೆ ನಗುತ್ತಿದ್ದೆ, ಒಳಗೆ ಬಹಳ ನೋವಾಗುತ್ತಿತ್ತು. ನಾಲ್ಕನೆಯ ಮನೆಯೂ ಹಾಗೇ ಅಂದರೆ ಮದುವೆಯ ಮಾತೇ ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಆ ಒಂದೂವರೆ ವರ್ಷದಲ್ಲಿ ನಡೆದದ್ದನ್ನು ನೆನಪಿದ್ದಷ್ಟು ಹೇಳುತ್ತೇನೆ.

1. ಪಕ್ಕದ ಕುರ್ಚಿಯವನು

ಬಜಾರಿನ ಕ್ಷೌರದಂಗಡಿಯಲ್ಲಿ ಹೊಸದಾಗಿ ಹಿಂದಿನ ಗೋಡೆಗೂ ಕನ್ನಡಿ ಹಾಕಿಸಿದ್ದರು. ನಾನು ಕುರ್ಚಿಯಲ್ಲಿ ಕುಳಿತು ಎದುರಿನ ಕನ್ನಡಿ ನೋಡಿದೆ. ಅದರೊಳಗೆ ಹಿಂದಿನ ಕನ್ನಡಿ, ಅದರೊಳಗೆ ಯಾರದೋ ಬೆನ್ನು, ಬೆನ್ನಿನ ಮೇಲೊಂದು ತಲೆ. ನೆತ್ತಿಯ ನಡುವೆ ರೊಟ್ಟಿಯಷ್ಟು ಅಗಲ ಬಯಲಾಗಿತ್ತು. ಪಕ್ಕದ ಕುರ್ಚಿಯವನದಿರಬೇಕು ಎಂದುಕೊಂಡೆ.

“ಪಾಪ, ವಯಸ್ಸ ಭಾಳ ಆದಂಗ ಕಾಣೂದಿಲ್ಲ,” ಎಂದು ಕ್ಷೌರಿಕನ ಕಿವಿಯಲ್ಲಿ ಹೇಳಿದೆ.

“ಯಾರಿಗ್ರಿ ಸರ್?”

ನಾನು ಗದ್ದ ಎತ್ತಿ ಕನ್ನಡಿಯ ಕಡೆ ತೋರಿಸಿದೆ. ಕನ್ನಡಿಯೊಳಗಿನ ಆ ತಲೆಯೂ ಅದೇ ಹೊತ್ತಿಗೆ ಮೇಲೆದ್ದಿತು. ಕ್ಷೌರಿಕ ಕತ್ತರಿ ಕೆಳಗಿಟ್ಟು, ಸಾವಿನ ಸುದ್ದಿ ಹೇಳುವವರ ದನಿಯಲ್ಲಿ ಅಂದ: “ಸರ್, ಪಕ್ಕದ ಕುರ್ಚಿ ಮುಂಜಾನಿಂದ ಖಾಲೀನ ಐತ್ರಿ.”

2. ಕಾರಣಗಳ ಪಟ್ಟಿ

ಮರುದಿನ ಶಾಲೆಯಲ್ಲಿ ಮಾಸ್ತರರ ಕೋಣೆಗೆ ಈ ವಿಷಯ ಹೇಗೆ ಮುಟ್ಟಿತೋ ಗೊತ್ತಿಲ್ಲ. ಎಲ್ಲರ ಹತ್ತಿರವೂ ಒಂದೊಂದು ಕಾರಣ ತಯಾರಿತ್ತು.

“ಹೆಲ್ಮೆಟ್ ಹಾಕ್ಕೋತೀರಿ, ಅದಕ್ಕ,” ಎಂದರು ಗಣಿತದವರು. ನನ್ನ ಹತ್ತಿರ ಇದ್ದದ್ದು ಸೈಕಲ್ಲು. ಮರಾಠಿ ಕಲಿಸುವ ಶಿಕ್ಷಕಿ ತಲೆ ಅಲ್ಲಾಡಿಸಿ, “ಸರ್, ಪಾಣೀ ಬದಲಾ, ನೀರ ಬದಲ ಮಾಡ್ರಿ. ನಮ್ಮ ಬೋರಿನ ನೀರ ಸಿಕ್ಕಾಪಟ್ಟೆ ಸವಳ ಅದ,” ಎಂದರು. ಅದೇ ಬೋರಿನ ನೀರಲ್ಲಿ ಮೂವತ್ತು ವರ್ಷ ಸ್ನಾನ ಮಾಡಿದ ಅವರ ಜಡೆ ಸೊಂಟದ ಕೆಳಗೆ ಇಳಿದಿತ್ತು. ಮಧ್ಯಾಹ್ನದ ಊಟ ಬೇಯಿಸುವ ಅಕ್ಕ, ಶೇಂಗಾ ಚಟ್ನಿಯ ಉಷ್ಣವೇ ಇದಕ್ಕೆಲ್ಲ ಮೂಲ ಎಂದು ನನ್ನ ತಾಟಿನಿಂದ ಚಟ್ನಿಯನ್ನು ಎತ್ತಿ ತನ್ನ ತಾಟಿಗೆ ಹಾಕಿಕೊಂಡಳು.

ಕೊನೆಗೆ ಹೆಡ್‌ಮಾಸ್ತರರು ನನ್ನನ್ನು ತಮ್ಮ ಕೋಣೆಗೆ ಕರೆದು, ದಿನಾ ಬೇವಿನೆಣ್ಣೆ, ರಾತ್ರಿ ಹತ್ತಕ್ಕೆ ನಿದ್ದೆ, ಚಿಂತೆ ಪೂರ್ತಿ ಬಂದ್ ಎಂದು ಅರ್ಧ ತಾಸು ತಿಳಿಸಿ ಹೇಳಿದರು. ನಾನು ಎಲ್ಲವನ್ನೂ ಬರೆದುಕೊಂಡೆ. ಬರೆದು ತಲೆ ಎತ್ತಿದಾಗ ನನ್ನ ಕಣ್ಣು ಅವರ ತಲೆಯ ಮೇಲೆ ಹೋಯಿತು. ಅಲ್ಲಿ ಕಿವಿಯ ಮೇಲಿನ ಎರಡು ಗೆರೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅವರು ನನ್ನ ನೋಟ ಗುರುತಿಸಿದರು. ಬೇಸರ ಮಾಡಿಕೊಳ್ಳಲಿಲ್ಲ.

“ನಾ ಇದನ್ನ ಒಂದ ದಿನಾನೂ ಪಾಲಿಸಲಿಲ್ಲೋ ಮಾರಾಯಾ,” ಎಂದರು. “ಪರಿಣಾಮ ನಿನ್ನ ಕಣ್ಣ ಮುಂದೈತಿ. ಇದಕ್ಕಿಂತ ದೊಡ್ಡ ಪುರಾವಾ ಬೇಕೇನು?”

3. ಚೀಲ ಯಾರದು

ಆಮೇಲೆ ಯಾರೋ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ರಸ ಹಚ್ಚು ಎಂದರು. ಸೊಲ್ಲಾಪುರದ ಸುತ್ತ ಉಳ್ಳಾಗಡ್ಡಿಗೇನು ಕೊರತೆ? ಅವ್ವ ದಿನಕ್ಕೆ ಎರಡು ಗಡ್ಡೆ ಅರೆದು, ಅರಿವೆಯಲ್ಲಿ ಹಿಂಡಿ ನನ್ನ ನೆತ್ತಿಗೆ ಸುರಿಯತೊಡಗಿದಳು. ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ.

ಒಂದು ರವಿವಾರ ಸೊಲ್ಲಾಪುರದ ಬಸ್ಸು ಹತ್ತಿದೆ. ಬೇಸಿಗೆಯ ಸೆಕೆ, ಕಾಲಿಡಲು ಜಾಗವಿಲ್ಲದಷ್ಟು ಜನ. ತಲೆ ಬೆವರಿದಷ್ಟೂ ವಾಸನೆ ಏರಿತು. ಕಂಡಕ್ಟರ್ ಅರ್ಧ ಬಸ್ಸು ದಾಟಿ ಬಂದು, ಮೂಗು ಮುರಿದು ನಿಂತ.

“ಕಾಂದ್ಯಾಚಂ ಪೋತಂ ಕುಣಾಚಂ ಆಹೇ?” ಎಂದು ಕೂಗಿದ. ಆಮೇಲೆ ಕನ್ನಡಕ್ಕೆ ಇಳಿದ. “ಉಳ್ಳಾಗಡ್ಡಿ ಚೀಲಾ ಯಾರದೈತಿ? ಮ್ಯಾಲ ಬಸ್ಸಿನ ಟಪ್ಪಿನ ಮ್ಯಾಲ ಹಾಕ್ರಿ. ಮಂದಿ ಕೂಡೂ ಜಾಗಾದಾಗ ಇಡಬ್ಯಾಡ್ರಿ.”

ಜನ ಬಗ್ಗಿ ಸೀಟಿನ ಕೆಳಗೆ ಹುಡುಕಿದರು. ನಾನೂ ಮರ್ಯಾದೆಗೆ ಬಗ್ಗಿ ಹುಡುಕಿದೆ. ಬಗ್ಗಿದ್ದೇ ತಪ್ಪಾಯಿತು. ಪಕ್ಕದಲ್ಲಿದ್ದ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಎಪ್ಪಾ, ಹುಡುಕಬ್ಯಾಡ, ಚೀಲಾ ಈ ಮಾಸ್ತರನ ತಲಿ ಮ್ಯಾಲ ಐತಿ,” ಎಂದಳು.

ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಮಾತ್ರ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, ತನ್ನ ಬೋಳಾಗುತ್ತಿದ್ದ ನೆತ್ತಿಯನ್ನು ನನ್ನ ಕಣ್ಣಿನ ನೇರಕ್ಕೆ ಹಿಡಿದು, ಮೆಲ್ಲಗೆ ಕೇಳಿದ: “ಗುಣಾ ಕಂಡೈತೇನ್ರಿ ಸರ್? ಬಿಳೀದೋ, ಕೆಂಪದೋ?”

4. ಅಪ್ಪನ ಟೊಪಗಿ

ಉಳ್ಳಾಗಡ್ಡಿಯ ಮೇಲಿನ ನಂಬಿಕೆ ಹೋಗಿ, ಸೊಲ್ಲಾಪುರದ ಒಬ್ಬ ಚರ್ಮರೋಗದ ಡಾಕ್ಟರಬಾಯಿಯ ಹತ್ತಿರ ಹೋದೆ. ಒಳ್ಳೆಯ ಹೆಂಗಸು. ತಲೆಯನ್ನು ದೀಪದ ಕೆಳಗೆ ಹಿಡಿದು ನೋಡಿದರು. ರಕ್ತ ತಪಾಸಣೆ ಮಾಡಿಸಿದರು. ಜ್ವರ ಬಂದಿತ್ತೇ, ಔಷಧ ಏನಾದರೂ ತೆಗೆದುಕೊಳ್ಳುತ್ತೀರಾ ಎಂದೆಲ್ಲ ಕೇಳಿದರು. ಹೆಲ್ಮೆಟ್ಟು, ಚಟ್ನಿ ಎರಡನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಗಂಡಸರಲ್ಲಿ ಈ ಥರ ನೆತ್ತಿ ಬಯಲಾಗುವುದು ಬಹುಪಾಲು ಮನೆತನದಿಂದಲೇ ಬರುತ್ತದೆ, ತಾಯಿ ಕಡೆಯಿಂದಲೂ ಬರಬಹುದು, ತಂದೆ ಕಡೆಯಿಂದಲೂ ಬರಬಹುದು ಎಂದರು.

“ನಿಮ್ಮ ತಂದೀ ತಲಿ ಮ್ಯಾಲ ಕೂದಲ ಅದಾವೇನ್ರಿ?”

ಮೂವತ್ತು ವರ್ಷದಿಂದ ಒಂದೇ ಮನೆಯಲ್ಲಿ ಇದ್ದೇವೆ, ಅಪ್ಪನ ತಲೆಯನ್ನು ನಾನು ನೋಡಿಯೇ ಇರಲಿಲ್ಲ. ಹಗಲು ಬಿಳಿ ಟೊಪಗಿ, ಮಲಗುವಾಗ ಟಾವೆಲ್ಲು. ಸ್ನಾನದ ಕೋಣೆಗೆ ಟೊಪಗಿ ಹಾಕಿಕೊಂಡು ಹೋಗುತ್ತಾನೆ, ಹಾಕಿಕೊಂಡೇ ಹೊರಗೆ ಬರುತ್ತಾನೆ. ಕೇಳಿ ಬರುತ್ತೇನೆ ಎಂದು ಎದ್ದು ಬಂದೆ.

ಮನೆಯಲ್ಲಿ ಅವ್ವನನ್ನು ಕೇಳಿದರೆ ಅವಳೂ ಯೋಚನೆಗೆ ಬಿದ್ದಳು. “ಲಗ್ನದಾಗ ತಲಿಗಿ ಸುತ್ತಿದ ಪಟಗಾ ಇತ್ತು. ಮುಂದ ಟೊಪಗಿ ಬಂತು. ನಡುವ ತಲಿ ಕಾಣಾಕ ಸಂದ ಸಿಕ್ಕಿಲ್ಲ ನೋಡು,” ಎಂದಳು. ಅಪ್ಪ ಕಟ್ಟೆಯ ಮೇಲಿಂದಲೇ, “ರೋಗ ನನ್ನ ಮನಿತನದ್ದಲ್ಲ, ನಿಮ್ಮ ಅಣ್ಣತಮ್ಮರ ತಲಿ ನೋಡ್ಕೊ ಹೋಗು,” ಎಂದು ಜಗಳ ಶುರುಮಾಡಿದ. ಹಳೆಯ ಮದುವೆ ಫೋಟೋ ತೆಗೆದರೆ ಎರಡೂ ಮನೆತನದ ಗಂಡಸರು ಸಾಲಾಗಿ ಪಟಗಾ ಸುತ್ತಿಕೊಂಡು ನಿಂತಿದ್ದರು.

ಡಾಕ್ಟರಿಗೆ ಸುಳ್ಳು ಹೇಳಿದರೆ ಔಷಧ ತಪ್ಪಾಗುತ್ತದೆ ಎಂದು ನಾನು ಹೆದರಿಸಿದ ಮೇಲೆ ಅಪ್ಪ ಬಾಗಿಲು ಹಾಕಿಸಿ, ಟೊಪಗಿ ತೆಗೆದ. ಒಳಗೆ ತೊಳೆದಿಟ್ಟ ತಂಬಿಗೆ ಇದ್ದಂತಿತ್ತು.

ಅವ್ವ ಬಹಳ ಹೊತ್ತು ನೋಡಿದಳು. “ಪ್ರತಿ ರವಿವಾರ ತಲಿಗಂತ ಬಟ್ಟಲ ತುಂಬ ಎಣ್ಣಿ ಕಾಸಿ ಕೊಡ್ತೀನಿ. ಎಲ್ಲಿ ಹೊಕ್ಕೈತಿ ಅದು?”

ಅಪ್ಪ ಟೊಪಗಿ ಹಾಕಿಕೊಂಡು, ಹಿತ್ತಿಲ ಕಡೆ ಮುಖ ಮಾಡಿ ಹೇಳಿದ: “ಎತ್ತಿನ ಕೋಡ ಹ್ಯಾಂಗ ಮಿಂಚತಾವ ನೋಡಿಲ್ಲೇನು?”

5. ಪರವಾನಗಿ

ಮತ್ತೆ ಹೋದಾಗ ಡಾಕ್ಟರಬಾಯಿ ನೆತ್ತಿಗೆ ಹಚ್ಚಲು ಒಂದು ಔಷಧ ಬರೆದುಕೊಟ್ಟರು. ದಿನಾ ತಪ್ಪದೆ ಹಚ್ಚಬೇಕು, ಗುಣ ಕಾಣಲು ನಾಲ್ಕಾರು ತಿಂಗಳಾದರೂ ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ ಎಂದರು. ಹೊರಡುವಾಗ, ಮನೆಯಲ್ಲಿ ಅವ್ವನಿಗೆ ಧೈರ್ಯ ಹೇಳಿ ಎಂದು ಇನ್ನೊಂದು ಮಾತು ಸೇರಿಸಿದರು: ಆರೋಗ್ಯವಂತರಿಗೂ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುತ್ತವೆ, ಅಷ್ಟಕ್ಕೆಲ್ಲ ಹೆದರಬೇಡಿ.

ಆ ಮಾತನ್ನು ನಾನು ಅವ್ವನಿಗೆ ಹೇಳಬಾರದಿತ್ತು. ಮರುದಿನದಿಂದ ಅವ್ವ ನನ್ನ ತಲೆದಿಂಬಿನ ಮೇಲೆ ಬಿಳಿ ಅರಿವೆ ಹಾಸಿ, ಬಚ್ಚಲಿಗೆ ಜರಡಿ ಇಟ್ಟು, ಬಾಚಣಿಗೆಯನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಬೆಳಗ್ಗೆ ಕನ್ನಡಕ ಹಾಕಿಕೊಂಡು ಜೋಳ ಹಸನು ಮಾಡುವ ಮೊರದಲ್ಲಿ ಕೂದಲು ಎಣಿಸುತ್ತಿದ್ದಳು. ಎಂಬತ್ತರೊಳಗೆ ಬಂದರೆ ಚಹಾಕ್ಕೆ ಸಕ್ಕರೆ ಜಾಸ್ತಿ ಬೀಳುತ್ತಿತ್ತು.

ಈ ಔಷಧ ಹಚ್ಚಿದ ಮೊದಲ ಕೆಲವು ವಾರ ಕೂದಲು ಇನ್ನೂ ಜೋರಾಗಿ ಉದುರುವುದುಂಟು. ಅದನ್ನೂ ಡಾಕ್ಟರಬಾಯಿ ಹೇಳಿದ್ದರು, ನಾನು ಮನೆಯಲ್ಲಿ ಹೇಳಲು ಮರೆತಿದ್ದೆ. ಒಂದು ಬೆಳಗ್ಗೆ ಅವ್ವನ ಲೆಕ್ಕ ನೂರಾ ಅರವತ್ತಕ್ಕೆ ಹೋಯಿತು. ಅವಳೇ ಡಾಕ್ಟರಬಾಯಿಗೆ ಫೋನ್ ಹಚ್ಚಿ ಗದರಿಸಿದಳು. ಅವರು ಸಮಾಧಾನದಿಂದ ತಿಳಿಸಿ ಹೇಳಿದರು. ಕ್ರಮೇಣ ಉದುರುವುದು ಇಳಿಯಿತು.

ಒಂದು ದಿನ ನಾನು ಶಾಲೆಗೆ ಹೊರಟು ಅವಸರದಲ್ಲಿ ತಲೆ ಕೆರೆದುಕೊಂಡೆ. ಎರಡು ಕೂದಲು ಅಂಗಿಯ ಮೇಲೆ ಬಿದ್ದವು. ನನ್ನ ಮುಖ ಸಣ್ಣದಾಯಿತು. ಅವ್ವ ಮೊರದಿಂದ ತಲೆ ಎತ್ತದೆ ಹೇಳಿದಳು: “ಹೆದರಬ್ಯಾಡ, ಹೋಗು. ಎಪ್ಪತ್ತೆರಡ ಆಗ್ಯಾವ. ಸಂಜೀತನಕ ಇನ್ನಾ ಇಪ್ಪತ್ತೆಂಟ ಉದರಾಕ ಡಾಕ್ಟರಬಾಯಿ ಪರವಾನಗಿ ಐತಿ.”

6. ಮೊದಲ ಫಸಲು

ಎಂಟನೆಯ ತಿಂಗಳ ಹೊತ್ತಿಗೆ ನೆತ್ತಿಯಲ್ಲಿ ನಿಜವಾಗಿಯೂ ಕೂದಲು ಬಂತು. ದಟ್ಟವಲ್ಲ, ಆದರೂ ಬಯಲು ಮುಚ್ಚುವಷ್ಟು. ನನಗಾದ ಸಂತೋಷ ಹೇಳಲಾರೆ. ಹೊಸ ಫೋಟೋ ತೆಗೆಸಿದೆವು. ಅದನ್ನು ನೋಡಿ ಹೋಟಗಿಯ ಒಂದು ಮನೆಯವರು ಹೂಂ ಎಂದರು. ಹುಡುಗಿ ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್, ಅವಳ ಅಪ್ಪ ರೈಲ್ವೆಯಿಂದ ನಿವೃತ್ತರು. ರವಿವಾರ ಮನೆ ನೋಡಲು ಬರುತ್ತೇವೆ, ಹುಡುಗಿಯೂ ಬರುತ್ತಾಳೆ ಎಂದು ಹೇಳಿ ಕಳಿಸಿದರು. ನಾಲ್ಕನೆಯ ಮನೆ ಅದು.

ಶುಕ್ರವಾರ ಬೆಳಗ್ಗೆ ಎದ್ದು ಅಂಗಳಕ್ಕೆ ಬಂದರೆ ಕ್ಷೌರಿಕ ಕತ್ತಿ ಮಸೆಯುತ್ತಾ ಕುಳಿತಿದ್ದ. ಪಕ್ಕದಲ್ಲಿ ಅವ್ವ, ಕೈಯಲ್ಲಿ ತೆಂಗಿನಕಾಯಿ.

“ನಿನ್ನ ತಲ್ಯಾಗ ಕೂದಲ ಬಂದ್ರ ಮೊದಲ ಫಸಲ ದೇವರಿಗಂತ ಬೇಡ್ಕೊಂಡಿದ್ನಿ,” ಎಂದಳು. “ಕೂಡು.”

“ಅವ್ವಾ, ನಾಡದ ಬೀಗರು ಬರಾಕತ್ತಾರ. ತೆಂಗಿನಕಾಯಿ, ಸೀರಿ, ಏನರ ಬೇಡ್ಕೋಬಾರದಾ?”

“ಹೊಲದಾಗ ಜ್ವಾಳ ಬಂದ್ರ ಮೊದಲ ತೆನಿ ಯಾರಿಗಿ? ಎಮ್ಮಿ ಈದ್ರ ಮೊದಲ ಗಿಣ್ಣ ಯಾರಿಗಿ? ನಿನ್ನ ತಲಿ ಏನ ಬ್ಯಾರೆ ಹೊಲಾ ಐತೇನು?”

ಕೊನೆಯ ಆಸೆಗೆ ಡಾಕ್ಟರಬಾಯಿಗೆ ಫೋನ್ ಮಾಡಿದೆ. ಬೋಳಿಸಬಾರದು ಎಂದು ಅವರು ಒಂದು ಮಾತು ಅಂದರೆ ಸಾಕಿತ್ತು. ಅವರು “ಬೇರಿಗೇನೂ ಆಗೂದಿಲ್ಲ, ಮತ್ತ ಬರ್ತಾವ. ದೇವರಿಗಿ ಕೊಡ್ರಿ, ಔಷಧ ಬಿಡಬ್ಯಾಡ್ರಿ,” ಎಂದರು.

ರವಿವಾರ ಬಂತು. ಬಿಸಿಲೆಂದು ಮನೆ ಮುಂದೆ ತಾಡಪತ್ರಿ ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೆವು. ಓಣಿಯ ನಾಲ್ಕು ಹಿರಿಯರು ಬಂದು ಸುಮ್ಮನೆ ಕುಳಿತಿದ್ದರು. ಅಪ್ಪ ಪೇಡೆ ತರಲು ಬಜಾರಿಗೆ ಹೋಗಿದ್ದ, ಅವ್ವ ಅಡುಗೆಮನೆಯಲ್ಲಿದ್ದಳು. ಬಂದವರನ್ನು ಎದುರುಗೊಂಡದ್ದು ನಾನೊಬ್ಬನೇ, ನುಣ್ಣನೆಯ ತಲೆಯೊಂದಿಗೆ.

ಹುಡುಗಿಯ ಅಪ್ಪ ತಾಡಪತ್ರಿ ನೋಡಿದರು, ಕುಳಿತ ಮಂದಿಯನ್ನು ನೋಡಿದರು, ನನ್ನ ತಲೆ ನೋಡಿದರು. ಅಪ್ಪ ತೀರಿಕೊಂಡರೆ ಮಗ ತಲೆ ಬೋಳಿಸಿಕೊಳ್ಳುವ ಪದ್ಧತಿ ನಮ್ಮ ಕಡೆ. ಅವರು ಚಪ್ಪಲಿ ಬಿಟ್ಟು, ನಮಸ್ಕಾರ ಹೇಳದೆ, ತಲೆ ತಗ್ಗಿಸಿ ಕುಳಿತರು. ನನಗೆ ಆಗ ಏನೂ ತಿಳಿಯಲಿಲ್ಲ. ಫೋಟೋದಲ್ಲಿದ್ದ ಕೂದಲು ಕಾಣದೆ ಸಿಟ್ಟಾಗಿದ್ದಾರೆ ಎಂದುಕೊಂಡೆ.

“ಯಾವಾಗ ಆತ್ರಿ?” ಎಂದು ಮೆಲ್ಲಗೆ ಕೇಳಿದರು.

“ಶುಕ್ರವಾರ ಮುಂಜಾನಿರಿ.”

“ಭಾಳ ತ್ರಾಸ ಆತೇನು?”

“ಇಲ್ರಿ, ಐದ ಮಿನಿಟಿನ್ಯಾಗ ಮುಗೀತ್ರಿ.”

ಅವರು ನನ್ನ ಬೆನ್ನಿನ ಮೇಲೆ ಕೈ ಇಟ್ಟರು. “ದೊಡ್ಡ ಮನಷ್ಯಾರಿದ್ರು. ಧೈರ್ಯ ತಗೋರಿ.”

ಅಷ್ಟರಲ್ಲಿ ಹಿಂದಿನಿಂದ, “ಬರ್ರಿ ಬರ್ರಿ ಬೀಗರ, ಬಾಯಿ ಸೀ ಮಾಡ್ಕೋರಿ,” ಎನ್ನುತ್ತಾ ಅಪ್ಪ ಪೇಡೆಯ ಡಬ್ಬಿ ಹಿಡಿದು ಬಂದ. ಹುಡುಗಿಯ ಅಪ್ಪ ಕುರ್ಚಿಯ ಸಮೇತ ಎರಡು ಮೊಳ ಹಿಂದೆ ಸರಿದರು.

ಎಲ್ಲ ಬಿಡಿಸಿ ಹೇಳಬೇಕಾಯಿತು. ನಾನು ಏನನ್ನೂ ಮುಚ್ಚಿಡಲಿಲ್ಲ. ನೆತ್ತಿ ಬಯಲಾದದ್ದು, ಔಷಧದಿಂದ ಅಷ್ಟಿಷ್ಟು ಬಂದದ್ದು, ಔಷಧ ಬಿಟ್ಟರೆ ಮತ್ತೆ ಹೋಗುವುದು, ಎಲ್ಲ ಹೇಳಿದೆ. ಹುಡುಗಿ ಅಷ್ಟೊತ್ತೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡಿದ್ದೆ, ನಗುತ್ತಿದ್ದಳು.

“ಅಪ್ಪಾ, ನನಗ ಒಪ್ಪಿಗಿ ಐತಿ,” ಎಂದಳು. “ಇದಕ್ಕಿಂತ ಕಡಿಮಿ ಆಗಾಕಂತೂ ಸಾಧ್ಯ ಇಲ್ಲ. ಇನ್ನ ಒಂದ ಕೂದಲ ಬಂದ್ರೂ ಮ್ಯಾಲಿಂದ ಬಂದಂಗ.”

ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನೂ ಆಗಲಿಲ್ಲ. ಕುಂಕುಮ, ಪೇಡೆ ಎಲ್ಲ ಆಗಿ, ಕೂದಲು ಬೆಳೆಯಲು ವೇಳೆ ಸಿಗಲಿ ಎಂದು ಲಗ್ನವನ್ನು ಐದು ತಿಂಗಳು ಮುಂದೆ ಇಟ್ಟರು. ಬೀಗರು ಹೋದ ಮೇಲೆ ಅವ್ವ ದೇವರ ಜಗಲಿಯ ಮುಂದೆ ಕೈಮುಗಿದು ನಿಂತು ತುಟಿ ಅಲ್ಲಾಡಿಸುತ್ತಿದ್ದುದು ಕಂಡಿತು. ಓಡಿಹೋಗಿ ಅವಳ ಕೈ ಹಿಡಿದೆ.

“ಅವ್ವಾ, ಏನ ಬೇಡ್ಕೊಳ್ಳಾಕತ್ತಿ?”

“ಲಗ್ನ ಸುಸೂತ್ರ ಆಗಲಿ ಅಂತ.”

“ಏನ ಕೊಡ್ತೀನಂದಿ?”

“ನಿನ್ನ ತಲೀಗಿ ಕೈ ಹಚ್ಚೂದಿಲ್ಲ, ಹೆದರಬ್ಯಾಡ,” ಎಂದಳು ಅವ್ವ. “ಈ ಸಲ ನಿಮ್ಮಪ್ಪನ ಮೀಸಿ.”

ಪಡಸಾಲೆಯಲ್ಲಿ ಪೇಡೆ ತಿನ್ನುತ್ತಿದ್ದ ಅಪ್ಪ ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡು ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಹೊಲದ ಹಾದಿ ಹಿಡಿದ.