ಮುಂದಿನ ಎಡಚಕ್ರದ ಕೀಚಲು

ಮದುವೆಗೆ ಇನ್ನು ಹನ್ನೊಂದೇ ದಿನ ಎನ್ನುವಾಗ ನನ್ನ ಕಾರು ಕೀಚಲು ದನಿ ತೆಗೆಯಿತು. ಯುಗೊಸ್ಲಾವಿಯ ಎಂಬ ದೇಶವೇ ಹೋಯಿತು, ಅದು ಕಟ್ಟಿದ ನನ್ನ ಕೆಂಪು ಕಾರು ಮಾತ್ರ ಇನ್ನೂ ಓಡುತ್ತಿದೆ ಎಂದು ವಾಲ್ಯೆವೊ ಊರಿಗೆಲ್ಲ ಸಾರಿಕೊಂಡು ಬಂದವನು ನಾನು. ಈಗ ಪ್ರತಿ ತಿರುವಿನಲ್ಲೂ, ನಿಧಾನ ಮಾಡಿದಾಗಲೆಲ್ಲ, ಮುಂದಿನ ಎಡಚಕ್ರದ ಕಡೆಯಿಂದ 'ಕೀಂಯ್' ಎಂದು ಕೇಳಿದರೆ ನನ್ನ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಮದುವೆ ನನ್ನ ತಂಗಿಯ ಮಗ ವೆಲ್ಕೊನದು. ಸೋದರಮಾವನಾದ ನಾನೇ 'ಸ್ತಾರಿ ಸ್ವಾತ್', ಅಂದರೆ ದಿಬ್ಬಣದ ಹಿರಿಯ. ಮದುಮಗಳು ನನ್ನ ಕಾರಿನಲ್ಲೇ ಚರ್ಚಿಗೆ ಬರುವುದೆಂದು ತಂಗಿ ಮಾತು ಕೊಟ್ಟಿದ್ದಳು. ಇದು ನನ್ನ ಹೆಂಡತಿ ಸ್ಮಿಲ್ಯಾನಾಳ ತಮ್ಮ ತಿಹೊಮಿರನಿಗೆ ಸಹ್ಯವಾಗಲಿಲ್ಲ. (ಅವನ ಬಳಿ ಜರ್ಮನಿಯಿಂದ ತಂದ ಕಾರಿದೆ. ಚಳಿಗಾಲದಲ್ಲಿ ಅದರ ಸೀಟು ತಾನಾಗಿಯೇ ಬೆಚ್ಚಗಾಗುತ್ತದಂತೆ. ಅದನ್ನು ಈ ಜುಲೈ ಬಿಸಿಲಿನಲ್ಲೂ ಹೇಳುತ್ತಾನೆ.) ಕೀಚಲಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಓಡಿ ಬಂದು, ಮದುವೆಯ ಮುನ್ನಾದಿನ ಶುಕ್ರವಾರದೊಳಗೆ ಅದು ನಿಲ್ಲದಿದ್ದರೆ ಮದುಮಗಳು ತನ್ನ ಕಾರಿನಲ್ಲಿ ಎಂದು ತೀರ್ಪು ಕೊಟ್ಟುಬಿಟ್ಟ. ಸ್ಮಿಲ್ಯಾನಾ ಮೆಕ್ಯಾನಿಕ್ ಹತ್ತಿರ ಹೋಗೋಣ ಎಂದಳು. ತನ್ನ ಕಾರನ್ನು ಬೇರೆಯವರ ಕೈಲಿ ಬಿಚ್ಚಿಸುವ ಗಂಡಸು ನಮ್ಮ ಬೀದಿಯಲ್ಲಿ ಒಬ್ಬನೂ ಇಲ್ಲ. ನಾನು ಒಪ್ಪಲಿಲ್ಲ.

ದನಿಯ ಮೂಲ ಹುಡುಕಬೇಕೆಂದರೆ ಕಿಟಕಿ ಇಳಿಸಬೇಕು. ಆದರೆ ಹಿಂದಿನ ಸೀಟಿನಲ್ಲಿ ಅತ್ತೆ ಸ್ತಾಮೆನಾ. ಎರಡು ಕಿಟಕಿಗಳ ನಡುವೆ ಹಾಯುವ ಗಾಳಿಗೆ ಬಾಯಿ ಸೊಟ್ಟಗಾಗುತ್ತದೆ, ಸೊಂಟ ಹಿಡಿಯುತ್ತದೆ, ಆಯುಷ್ಯವೂ ಕಡಿಮೆಯಾಗುತ್ತದೆ ಎಂಬುದು ನಮ್ಮಲ್ಲಿ ಹಸುಗೂಸಿಗೂ ಗೊತ್ತು.

"ಅಳಿಯಾ, ಗಾಜು ಏರಿಸು. ಚಕ್ರ ಕಿರುಚಿದ್ರೆ ಕಿರುಚ್ಲಿ. ನನ್ನ ಕುತ್ತಿಗೆ ಹಿಡ್ಕೊಂಡ್ರೆ ನಾನು ಕಿರುಚ್ತೀನಿ, ಅದು ನಿಂಗೆ ಬೇಕಾ?"

ಬೇಡವಾಗಿತ್ತು. ಮೂವತ್ತೆಂಟು ಡಿಗ್ರಿ ಸೆಕೆಯಲ್ಲಿ, ಎಲ್ಲ ಗಾಜು ಏರಿಸಿ, ಬೆವರು ಸುರಿಸುತ್ತ ಕಿವಿಗೊಟ್ಟು ಕೇಳಿದೆ. ಎಡಚಕ್ರವೇ, ಸಂಶಯವಿಲ್ಲ. ಅಂಗಳದಲ್ಲಿ ಜಾಕ್ ಹಾಕಿ ಮಹಾ ಶಸ್ತ್ರಚಿಕಿತ್ಸೆಗೆ ಇಳಿದೆ. ಬ್ರೇಕು ಬಿಚ್ಚಿ ಉಜ್ಜಿದೆ. ಗ್ರೀಸ್ ಮೆತ್ತಿದೆ. ಬೇರಿಂಗ್ ಬದಲಾಯಿಸಿದೆ. ಅಕ್ಕಪಕ್ಕದ ಗಂಡಸರೆಲ್ಲ ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಲೋಟ ಹಿಡಿದು ಸುತ್ತ ನಿಂತು, ಒಬ್ಬೊಬ್ಬರು ಒಂದೊಂದು ರೋಗ ಹೇಳಿದರು. ಎಲ್ಲ ರೋಗಕ್ಕೂ ಮದ್ದು ಮಾಡಿದೆ. ಎಲ್ಲ ಜೋಡಿಸಿ ಹೊರಟು ಮೊದಲ ತಿರುವಿಗೆ ಬಂದರೆ, ಕೀಂಯ್.

ಶುಕ್ರವಾರ ಮಧ್ಯಾಹ್ನ ಸ್ಮಿಲ್ಯಾನಾಳ ತಾಳ್ಮೆ ಕೆಟ್ಟಿತು. ನನ್ನನ್ನು ಇಳಿಸಿ ತಾನೇ ಓಡಿಸಿದಳು. ನಾನು ಬಗ್ಗಿಕೊಂಡು ಚಕ್ರದ ಪಕ್ಕದಲ್ಲೇ ಬೀದಿಯುದ್ದಕ್ಕೂ ಓಡಿದೆ. ಸದ್ದೇ ಇಲ್ಲ. (ನನ್ನ ಉಬ್ಬಸ ಬಿಟ್ಟರೆ.) ಮತ್ತೆ ನಾನು ಓಡಿಸಿದೆ, ಅವಳು ಪಕ್ಕದಲ್ಲಿ ಕುಳಿತಳು. ತಿರುವು ಬಂತು, ಕ್ಲಚ್ ಒತ್ತಿದೆ, ಕೀಂಯ್. ಅವಳು ಕಿವಿಯನ್ನು ಕೆಳಗೆ, ಇನ್ನೂ ಕೆಳಗೆ, ನನ್ನ ಮೊಣಕಾಲಿನ ತನಕ ತಂದಳು.

"ಮಿಲುಟಿನ್, ಗಾಡಿ ನಿಲ್ಸು. ಎಡಗಾಲು ಇಲ್ಲಿ ಕೊಡು."

ಕೊಟ್ಟೆ. ಅವಳು ಬೂಟಿನ ತುದಿ ಹಿಡಿದು ಬಗ್ಗಿಸಿದಳು. ಕೀಂಯ್.

ನನಗೆ ಸಿಡಿಲು ಬಡಿದ ಹಾಗಾಯಿತು. ಮದುವೆಗೆಂದು ಕೊಂಡ ಹೊಸ ಬೂಟು! ಕಾಲು ಕಚ್ಚುತ್ತಿತ್ತು, ಪಳಗಿಸಬೇಕಿತ್ತು. ಮನೆಯೊಳಗೆ ಹಾಕುವ ಹಾಗಿಲ್ಲ, ನಮ್ಮಲ್ಲಿ ಪಾದರಕ್ಷೆ ಹೊಸ್ತಿಲಲ್ಲೇ ಕಳಚಬೇಕು. ಅಂಗಳದಲ್ಲಿ ಹಾಕಿದರೆ ಧೂಳು. ಅದಕ್ಕೇ ಬೂಟಿನ ಡಬ್ಬಿಯನ್ನು ಕಾರಿನಲ್ಲಿಟ್ಟು, ಸೀಟಿನಲ್ಲಿ ಕುಳಿತು ಹಾಕಿಕೊಂಡು, ಇಳಿಯುವ ಮುಂಚೆ ಕಳಚುತ್ತಿದ್ದೆ. ಅವುಗಳಲ್ಲಿ ಭೂಮಿಯ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಹತ್ತು ದಿನ ನಾನು ಬಿಚ್ಚಿದ ಕಾರು ಸತ್ಯವಾಗಿಯೂ ಆರೋಗ್ಯವಾಗಿತ್ತು.

ತಿಹೊಮಿರನಿಗೆ ಗೊತ್ತಾದರೆ ಸಾಯುವವರೆಗೂ ಹೇಳಿಕೊಂಡು ನಗುತ್ತಾನೆ. ಯಾರಿಗೂ ಹೇಳಬೇಡವೆಂದು ಹೆಂಡತಿಯನ್ನು ಗೋಗರೆದೆ. ಅವಳು ನಕ್ಕು ಮುಗಿಸಲು ಕಾಲು ಗಂಟೆ ಹಿಡಿಯಿತು, ಆಮೇಲೆ ಒಪ್ಪಿದಳು. ಮದುವೆಗೆ ಹಳೆಯ ಕಪ್ಪು ಬೂಟನ್ನೇ ಹಾಕು ಎಂದಳು. ಆಗ ಎರಡನೆಯ ಸಿಡಿಲು. ಕಾರಿನಡಿ ಮಲಗಿದ ಅಷ್ಟೂ ದಿನ ಕಾಲಲ್ಲಿದ್ದದ್ದು ಅದೇ ಬೂಟು, ಈಗ ಅದು ಚರ್ಮಕ್ಕಿಂತ ಹೆಚ್ಚು ಗ್ರೀಸ್.

ಶನಿವಾರ ಕಾಲುಚೀಲದಲ್ಲೇ ಕಾರು ಓಡಿಸಿದೆ. ಹಿಂದೆ ಮದುಮಗಳು, ಪಕ್ಕದಲ್ಲಿ ಅತ್ತೆ, ಎಲ್ಲ ಗಾಜೂ ಮೇಲೆ. ಒಂದು ಚಿಕ್ಕ ಸದ್ದೂ ಇಲ್ಲ. ಚರ್ಚಿನ ಬಾಗಿಲಲ್ಲಿ ಸೀಟಿನಲ್ಲೇ ಕುಳಿತು ಹೊಸ ಬೂಟು ಏರಿಸಿಕೊಂಡೆ. ತಿಹೊಮಿರ್ ಬಂದು ಚಕ್ರವನ್ನೇ ದಿಟ್ಟಿಸಿ ನೋಡಿ, ಏನಾಗಿತ್ತು ಭಾವ ಎಂದ.

"ಬೇರಿಂಗ್ ಕಣೋ. ಅದನ್ನ ಹಿಡಿಯೋಕೆ ಕಿವಿ ಬೇಕು. ಸೀಟು ಬೆಚ್ಚಗಿದ್ರೆ ಸಾಲ್ದು."

ಅವನ ಮುಖ ಇಳಿಯಿತು. ಆಹಾ, ಆ ಗಳಿಗೆ!

ಒಳಗೆ ಪಾದ್ರಿ ವಧೂವರರ ತಲೆಗೆ ಕಿರೀಟವಿಟ್ಟು, ಅವರ ಕೈ ಹಿಡಿದು ಮೇಜಿನ ಸುತ್ತ ಮೂರು ಸುತ್ತು ಹೊರಟರು. ಹಿಂದೆಯೇ ನಾನು ನಡೆಯಬೇಕು. ಹಾಡುವವರು ಮೂವರು ಮುದುಕಿಯರು, ಸಾಲಿಗೊಮ್ಮೆ ಉಸಿರೆಳೆಯಲು ನಿಲ್ಲುತ್ತಿದ್ದರು. ನಿಂತಾಗಲೆಲ್ಲ ಕಲ್ಲುಚಪ್ಪಡಿಯ ಮೇಲೆ ಕೀಂಯ್. ತುದಿಗಾಲಲ್ಲಿ ನಡೆದೆ, ಹಿಮ್ಮಡಿಯಲ್ಲಿ ನಡೆದೆ, ಕಾಲೆಳೆದು ನಡೆದೆ. ದನಿ ಇನ್ನೂ ಜೋರಾಯಿತು. ಮದುಮಗಳು ತಿರುಗಿ ನೋಡಿದಳು. ಸ್ಮಿಲ್ಯಾನಾ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು, ಅವಳ ಭುಜ ಕುಲುಕುತ್ತಿತ್ತು. ಎರಡನೆಯ ಸುತ್ತಿನ ನಡುವೆ ತಿಹೊಮಿರನ ಮುಂದೆ ಹಾದೆ. ಅವನು ನನ್ನ ಕಾಲು ನೋಡಿದ, ನನ್ನ ಮುಖ ನೋಡಿದ, ಆಮೇಲೆ ತುಂಬ ಮರ್ಯಾದೆಯಿಂದ ಬಗ್ಗಿ ಪಿಸುಗುಟ್ಟಿದ:

"ಭಾವ, ಬೇರಿಂಗ್ ಇನ್ನೊಂದ್ಸಲ ಬದಲಾಯಿಸ್ಬೇಕು ಅನ್ಸುತ್ತೆ."

ಇನ್ನೂ ಒಂದೂವರೆ ಸುತ್ತು ಬಾಕಿಯಿತ್ತು.